ಕರಿ ಟೇಪಿನ ಕೆಳಗೆ

ಎಲ್ಲರಿಗೂ ನಮಸ್ಕಾರ. ನಾನು ನವಿ ಮುಂಬೈ ಕಡೆಯ ಕಳಂಬೋಲಿಯಲ್ಲಿ ಲಾರಿ ವೈರಿಂಗ್ ಕೆಲಸ ಮಾಡುವವನು. ಊರು ಇಂಡಿ ತಾಲೂಕು. ಸ್ಟೀಲ್ ಮಾರ್ಕೆಟ್ ಪಕ್ಕ ಇಪ್ಪತ್ತೆಂಟು ವರ್ಷದಿಂದ ನನ್ನದೊಂದು ಗಾಳಾ, ಅಂದರೆ ಅಂಗಡಿ, ಇದೆ. ಈ ಮಾತು ಕೇಳುತ್ತಿರುವವರಲ್ಲಿ ಲಾರಿ ಓಡಿಸುವವರು, ಲಾರಿ ಇಟ್ಟುಕೊಂಡವರು ಇದ್ದೇ ಇರುತ್ತೀರಿ. ಕೆಲವರು ನನ್ನ ಗಾಳಾದ ಮುಂದಿನ ಬಾಕಿನ ಮೇಲೆ ಕೂತು ಕಟಿಂಗ್ ಚಹಾ ಕುಡಿದವರೂ ಇರಬಹುದು. ಅಲ್ಲಿ ಕೂತಾಗ ನಾನು ಹೇಳೋದು ನಿಮಗೆ ಕೇಳಿಸೋದಿಲ್ಲ, ಮಾರ್ಕೆಟಿನ ಗದ್ದಲ ಹಾಗಿರುತ್ತದೆ. ಇಲ್ಲಿ ಮೈಕು ಕೊಟ್ಟಿದ್ದಾರೆ, ಆರಾಮಾಗಿ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ಹತ್ತು ಗಾಲಿ ಗಾಡಿ ಬಂತು. 2013ರ ಮಾಡೆಲ್, ಕಾಮನ್‌ರೈಲ್ ಇಂಜಿನ್, ಅಂದರೆ ಡೀಸೆಲ್ ಎಷ್ಟು ಬಿಡಬೇಕು ಅಂತ ಕಂಪ್ಯೂಟರ್ ಹೇಳುವ ಇಂಜಿನ್. ಡ್ರೈವರ್ ಸಿಂದಗಿ ಕಡೆಯ ಹುಡುಗ. ಊರಿಂದ ಲಿಂಬೆಹಣ್ಣು ತಂದು ವಾಶಿ ಮಾರ್ಕೆಟಿನಲ್ಲಿ ಇಳಿಸಿದ್ದ. ವಾಪಸ್ ಹೋಗುವಾಗ ಕಳಂಬೋಲಿಯಿಂದ ಸ್ಟೀಲ್ ತುಂಬಿಕೊಳ್ಳಬೇಕು. ಆದರೆ ತುಂಬಿಕೊಳ್ಳೋಕೆ ಅವನಿಗೆ ಧೈರ್ಯ ಇರಲಿಲ್ಲ.

"ಕಾಕಾ, ಸಪಾಟ ದಾರಿಯೊಳಗ ಗಾಡಿ ಹುಲಿ ಹಂಗ ಓಡ್ತದ. ಖಂಡಾಳಾ ಘಾಟ್ ಹತ್ತಿತು ಅಂದ್ರ ದಮ್ಮ ಕಟ್ತದ. ಲೈಟ್ ಹತ್ತತದ, ಎಕ್ಸಲೇಟರ್ ಒತ್ತಿದ್ರ ಮ್ಯಾಲ ಏಳಂಗಿಲ್ಲ," ಅಂದ.

ಅಷ್ಟೊತ್ತಿಗೆ ಅವನು ಎರಡು ಕಡೆ ತೋರಿಸಿ ಆಗಿತ್ತು. ಮೊದಲನೇ ಕಡೆ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಯಂತ್ರ ಹಾಕಿ, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಪ್ರೆಶರ್ ಸೆನ್ಸರ್ ಹೋಗಿದೆ ಅಂತ ಬದಲಾಯಿಸಿದರು. ಎರಡನೇ ಕಡೆ ಆಯಿಲ್ ಪ್ರೆಶರ್ ಸೆನ್ಸರ್ ಅಂದರು, ಅದನ್ನೂ ಬದಲಾಯಿಸಿದರು. ಈಗ ಸ್ಕ್ಯಾನರ್ ಡೀಸೆಲ್ಲಿನ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರ್ ಹೆಸರು ಹೇಳುತ್ತಿತ್ತು. ಅದು ಮೂರರಲ್ಲಿ ದುಬಾರಿ. ಹುಡುಗನ ಮುಖ ಬಾಡಿತ್ತು.

ನಾನು ಕೇಳಿದೆ, ತಮ್ಮಾ, ನಿಮ್ಮ ಓಣಿಯಲ್ಲಿ ಮೂರು ಮನೆ ನಲ್ಲಿ ಒಂದೇ ಹೊತ್ತಿಗೆ ನಿಂತರೆ ಮೂರೂ ನಲ್ಲಿ ಬಿಚ್ಚಿ ಹೊಸದು ಹಾಕಿಸ್ತೀಯಾ, ಪೈಪ್ ನೋಡ್ತೀಯಾ?

ಇಂಜಿನ್ ಕಂಪ್ಯೂಟರ್ ಇದೆಯಲ್ಲ, ಇಸಿಯು ಅಂತಾರೆ, ಅದು ಈ ಸೆನ್ಸರ್‌ಗಳಿಗೆ 5 ವೋಲ್ಟ್ ಕಳಿಸುತ್ತದೆ. ಗಾಡಿ 24 ವೋಲ್ಟಿನದೇ, ಆದರೆ ಸೆನ್ಸರಿಗೆ ಹೋಗೋದು ಐದೇ. ಎಷ್ಟೋ ಗಾಡಿಗಳಲ್ಲಿ ಆ 5 ವೋಲ್ಟ್ ಒಂದೇ ಕಡೆಯಿಂದ ಹೊರಟು, ಎರಡು ಮೂರು ಸೆನ್ಸರಿಗೆ ಹಂಚಿಕೆ ಆಗುತ್ತದೆ. ಆ ವೈರು ಎಲ್ಲಾದರೂ ಸಿಪ್ಪೆ ಸುಲಿದು ಇಂಜಿನ್ ಬಾಡಿಗೆ ತಗುಲಿದರೆ ಮೂರೂ ಸೆನ್ಸರ್ ಒಟ್ಟಿಗೆ ಸುಳ್ಳು ಹೇಳುತ್ತವೆ. ಇಸಿಯು ಹೆದರಿ ಪವರ್ ಕಡಿಮೆ ಮಾಡುತ್ತದೆ. ಸ್ಕ್ಯಾನರ್ ಸೆನ್ಸರ್ ಹೆಸರು ಓದುತ್ತದೆ. ಸ್ಕ್ಯಾನರಿಗೆ ವೈರು ಕಾಣೋದಿಲ್ಲ ನೋಡಿ. ಕಾಣೋದು ವೈರಿನ ಆ ತುದಿಯಿಂದ ಬಂದ ಲೆಕ್ಕ ಮಾತ್ರ.

ಹಳೇ ಇಂಜಿನ್‌ಗಳಿಗೆ ಈ ಕಾಟ ಇರಲಿಲ್ಲ. ನಾನು ಕೆಲಸ ಕಲಿಯುವಾಗ ಇಂಜಿನ್ ಮೇಲೆ ಇರುತ್ತಿದ್ದದ್ದು ಬೆರಳಲ್ಲಿ ಎಣಿಸುವಷ್ಟು ವೈರು. ಸೆಲ್ಫ್ ಸ್ಟಾರ್ಟರಿಗೆ, ಡೈನಮೋಗೆ, ಟೆಂಪರೇಚರಿಗೆ, ಆಯಿಲ್ ಸ್ವಿಚ್ಚಿಗೆ. ಡೀಸೆಲ್ ಪಂಪು ಗೇರಿನ ಮೇಲೆ ತಿರುಗುತ್ತಿತ್ತು. ವೈರೆಲ್ಲ ಸುಟ್ಟು ಬೂದಿಯಾದರೂ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿ ಊರು ಮುಟ್ಟಬಹುದಿತ್ತು. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಹೊಗೆ ಕಡಿಮೆ ಮಾಡುವ ಬಿಎಸ್ 4 ನಿಯಮ ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್ 6. ಒಂದೊಂದು ಹಂತಕ್ಕೂ ವೈರು ಜಾಸ್ತಿ, ವೈರು ಸಿಕ್ಕಿಸಿ ಜೋಡಿಸುವ ಕಪ್ಲರ್ ಜಾಸ್ತಿ. ಆದರೆ ಕೆಲಸ ಮಾಡುವ ಕೈ ಮಾತ್ರ ಹಳೇದೇ. ವೈರು ತುಂಡಾಯಿತಾ, ಹಲ್ಲಲ್ಲಿ ಸಿಪ್ಪೆ ತೆಗಿ, ಹೊಸೆ, ಕರಿ ಟೇಪ್ ಸುತ್ತು. ಹೆಡ್‌ಲೈಟಿಗೆ ಅದು ನಡೆಯುತ್ತಿತ್ತು. 5 ವೋಲ್ಟಿಗೆ ನಡೆಯೋದಿಲ್ಲ.

ಸರಿ, ಗಾಡಿಗೆ ಬರೋಣ. ಕ್ಯಾಬಿನ್ ಎತ್ತಿದೆವು. ಬೂಸ್ಟ್ ಸೆನ್ಸರಿನ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಮೀಟರ್ ಹಿಡಿದೆ. 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ನಿಂತ ಗಾಡಿಯಲ್ಲಿ ಬರಲೇಬೇಕು, ಅದು ಕೆಡೋದು ಘಾಟಿನಲ್ಲಿ. ಘಾಟಿನಲ್ಲಿ ಏನಾಗುತ್ತದೆ? ಲೋಡ್ ಬಿದ್ದಾಗ ಇಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಒಂದು ಕಡೆ ವಾಲುತ್ತದೆ. ಚಾಸಿಸ್ ವಾಲೋದಿಲ್ಲ. ಎರಡರ ನಡುವೆ ಇರುವ ವೈರು ಎಳೆದಾಡುತ್ತದೆ. ಅದಕ್ಕೇ ಹುಡುಗನ ಕೈಗೆ ಮೀಟರ್ ಕೊಟ್ಟು, ನಂಬರ್ ಬಿದ್ದರೆ ಕೂಗು ಅಂದೆ. ನಾನು ಹಾರ್ನೆಸ್, ಅಂದರೆ ವೈರುಗಳ ಕಟ್ಟು ಹಿಡಿದು ಒಂದು ಕಡೆಯಿಂದ ಗೇಣು ಗೇಣು ಅಲ್ಲಾಡಿಸುತ್ತಾ ಬಂದೆ. ಮುಂದೆ ಏನಿಲ್ಲ. ಪಕ್ಕದಲ್ಲಿ ಏನಿಲ್ಲ. ಹೊಗೆಯ ಬಲದಲ್ಲಿ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಹಿಂದೆ ಬಂದು ಒತ್ತಿದೆ.

"ಬಿತ್ತು ಕಾಕಾ, ಒಂದಕ್ಕ ಬಿತ್ತು!"

ಕೈ ಬಿಟ್ಟೆ, ಐದಕ್ಕೆ ಏರಿತು. ಒತ್ತಿದೆ, ಬಿತ್ತು.

ಅಲ್ಲಿ ಇರಬೇಕಾದ ಕ್ಲ್ಯಾಂಪು ಇರಲಿಲ್ಲ. ಎಂದೋ ಯಾರೋ ಬಿಚ್ಚಿದವರು ವಾಪಸ್ ಹಾಕಿರಲಿಲ್ಲ, ಬೈಂಡಿಂಗ್ ತಂತಿಯಲ್ಲಿ ಬಿಗಿದು ಬಿಟ್ಟಿದ್ದರು. ಆ ತಂತಿ ಮೇಲಿನ ಪ್ಲಾಸ್ಟಿಕ್ ಪೈಪನ್ನು ಗರಗಸದ ಹಾಗೆ ಕೊಯ್ದಿತ್ತು. ಪೈಪ್ ಸೀಳಿದೆ. ಒಳಗೆ ಟೇಪು ಬಿಸಿಗೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟು ಅಂಟಾಗಿತ್ತು. ಬಿಡಿಸಿ ಒಂದು ವೈರನ್ನು ಬೆರಳಲ್ಲಿ ಸುಮ್ನೆ ಬಗ್ಗಿಸಿದೆ, ಅಷ್ಟೇ. ಸಿಪ್ಪೆ ಸುಟ್ಟ ಹಪ್ಪಳದ ಹಾಗೆ ಪಟಪಟ ಅಂತ ಉದುರಿತು. ಅಂಗೈಯಲ್ಲಿ ಹಿಡಿದು ಹುಡುಗನಿಗೆ ತೋರಿಸಿದೆ. ಹಳದಿ ಬಣ್ಣದ ಪುಡಿ, ನಡುವೆ ಕರ್ರಗಾದ ತಾಮ್ರ.

ವೈರಿನ ಸಿಪ್ಪೆಯ ಪ್ಲಾಸ್ಟಿಕ್, ಈ ಪಿವಿಸಿ ಅನ್ನೋದು ಹುಟ್ಟಾ ಮೆದು ಅಲ್ಲ. ಮೆದುವಾಗಲಿ ಅಂತ ಅದಕ್ಕೆ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಬಿಸಿಗೆ ಅದು ವರ್ಷ ವರ್ಷ ಆರಿ ಹೋಗುತ್ತದೆ. ಡೀಸೆಲ್, ಆಯಿಲ್ ಬಿದ್ದರೆ ಅವೂ ಅದನ್ನು ಹೀರಿ ತೆಗೆಯುತ್ತವೆ. ಉಳಿಯೋದು ಗಡುಸು ಕೊಳವೆ. ಗಾಡಿಗೆ ಹಾಕುವ ಒಳ್ಳೆ ಪಿವಿಸಿ ವೈರೂ ತಡೆಯೋದು 105 ಡಿಗ್ರಿವರೆಗೆ. ಲೋಡಿನಲ್ಲಿ ಘಾಟ್ ಏರುವಾಗ ಟರ್ಬೊದ ಹೊಗೆ ಬರುವ ಬದಿ 500 ಡಿಗ್ರಿ ದಾಟುತ್ತದೆ. ಅದರಿಂದ ನಾಲ್ಕು ಬೆರಳು ದೂರದಲ್ಲಿ ವೈರು ಕಟ್ಟಿದರೆ ಏನು ಉಳಿದೀತು?

ಇನ್ನೊಂದು ಶತ್ರು ನಮ್ಮ ಈ ಮುಂಬೈ ಹವಾ. ಸಮುದ್ರದ ಉಪ್ಪು, ನಾಲ್ಕು ತಿಂಗಳ ಮಳೆ. ತಾಮ್ರದ ಎಳೆಗಳ ನಡುವಿನ ಸಂದಿಯಲ್ಲಿ ನೀರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. 2005ರ ಜುಲೈ 26 ನಿಮಗೆ ನೆನಪಿರಬಹುದು, ಸಾಂತಾಕ್ರೂಸಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ. ಆಗ ನೀರಲ್ಲಿ ನಿಂತ ಗಾಡಿಗಳು ವಾರದಲ್ಲಿ ಒಣಗಿ ಓಡಾಡಿದವು. ನನ್ನ ಗಾಳಾಕ್ಕೆ ಬಂದದ್ದು ದೀಪಾವಳಿ ಆದ ಮೇಲೆ, ಒಂದರ ಹಿಂದೆ ಒಂದು. ಕಪ್ಲರ್ ಬಿಚ್ಚಿದರೆ ಒಳಗೆಲ್ಲ ಹಸಿರು ಪಾಚಿ. ಕಪ್ಲರಿನಿಂದ ಒಂದು ಗೇಣು ಆಚೆ ಕತ್ತರಿಸಿದರೂ ತಾಮ್ರ ಕಪ್ಪು.

ಸೂಜಿ ಚುಚ್ಚಿ ಕರೆಂಟು ನೋಡುವವರಿಗೆ ಒಂದು ಮಾತು. ನಾನೂ ಚುಚ್ಚಿದವನೇ. ಆ ತೂತು ಮುಚ್ಚಿಕೊಳ್ಳೋದಿಲ್ಲ. ಜೂನ್‌ನಲ್ಲಿ ಚುಚ್ಚಿದ್ದು ಡಿಸೆಂಬರಿನಲ್ಲಿ ನಿಮ್ಮ ಕಡೆಗೇ ವಾಪಸ್ ಬರುತ್ತದೆ.

ಈಗ ರಿಪೇರಿ. ಮೊದಲು ಬ್ಯಾಟರಿಯ ಅರ್ಥ್ ಬಿಚ್ಚಿದೆ. ಆಮೇಲೆ ಮೊಬೈಲಿನಲ್ಲಿ ಫೋಟೊ ಹೊಡೆದೆ, ಎಲ್ಲಿಂದ ಎಲ್ಲಿಗೆ ಯಾವ ಬಣ್ಣ ಅಂತ. ಬಿಸಿಗೆ ಬಣ್ಣ ಹೋಗಿ ಎಲ್ಲ ವೈರೂ ಕಂದು ಕಾಣುವಾಗ ನೆನಪನ್ನು ನಂಬಿ ಕತ್ತರಿ ಹಾಕಬಾರದು. ಒಂದೊಂದಕ್ಕೂ ಚೀಟಿ ಕಟ್ಟಿದೆ. ಪೂರ್ತಿ ಹಾರ್ನೆಸ್ ಹೊಸದು ತರಿಸೋಣ ಅಂತ ಹುಡುಗ ಕೇಳಿದ. ಕಂಪನಿಯ ಹೊಸ ಹಾರ್ನೆಸ್ ಸಿಕ್ಕರೆ ಒಳ್ಳೇದೇ, ಆದರೆ ಹಳೇ ಮಾಡೆಲ್ಲಿಗೆ ಅದು ಬರೋಕೆ ಕಾಯಬೇಕು, ದುಡ್ಡೂ ಜಾಸ್ತಿ. ಮತ್ತೆ ಇಡೀ ಹಾರ್ನೆಸ್ ಕೆಟ್ಟಿರಲಿಲ್ಲ. ಟರ್ಬೊ ಹಿಂದಿನ ಎರಡು ಅಡಿ ಕೆಟ್ಟಿತ್ತು. ಎರಡೂ ಕಡೆ ವೈರು ಬಗ್ಗಿಸಿದರೆ ಬಿರಿಯದ ಜಾಗ, ತಾಮ್ರ ಹೊಳೆಯುವ ಜಾಗ ಸಿಗುವವರೆಗೆ ಹೋಗಿ ಅಲ್ಲಿ ಕತ್ತರಿಸಿದೆ. ಕೆಟ್ಟ ತಾಮ್ರಕ್ಕೆ ಹೊಸ ತಾಮ್ರ ಜೋಡಿಸೋದು ಕೊಳೆತ ಗೋಡೆಗೆ ಸುಣ್ಣ ಬಳಿದ ಹಾಗೆ.

ಹಾಕಿದ್ದು ಕ್ರಾಸ್‌ಲಿಂಕ್ ಸಿಪ್ಪೆಯ ವೈರು, 125 ಡಿಗ್ರಿ ತಡೆಯುವಂಥದ್ದು. ದಪ್ಪ ಹಳೇದರಷ್ಟೇ, 0.75 ಸ್ಕ್ವೇರ್ ಎಂಎಂ. ಮನೆ ವೈರಿಂಗಿನ ವೈರು ಮಾತ್ರ ಬೇಡ. ಅದರ ಸಿಪ್ಪೆ 70 ಡಿಗ್ರಿಯದು, ಇಂಜಿನ್ ಮೇಲೆ ಎರಡು ಬೇಸಿಗೆ ಬಾಳೋದಿಲ್ಲ.

ಜೋಡಣೆ ವಿಷಯದಲ್ಲಿ ನನಗೂ ನನ್ನ ಉಸ್ತಾದರಿಗೂ ಕೊನೇವರೆಗೆ ಒಪ್ಪಿಗೆ ಆಗಲಿಲ್ಲ. ಅವರು ಬೆಸುಗೆ ಬಿಟ್ಟು ಮಾತಾಡುತ್ತಿರಲಿಲ್ಲ. ಬೆಸುಗೆ ಕೆಟ್ಟದ್ದಲ್ಲ. ಆದರೆ ಸೀಸ ಕರಗಿ ಎಳೆಗಳೊಳಗೆ ಸ್ವಲ್ಪ ದೂರ ಹರಿದು ಗಟ್ಟಿ ಆಗುತ್ತದೆ. ಗಟ್ಟಿ ಭಾಗ ಮುಗಿದು ಮೆದು ಭಾಗ ಶುರುವಾಗುವ ಜಾಗದಲ್ಲೇ ಇಂಜಿನ್ನಿನ ನಡುಕಕ್ಕೆ ಎಳೆ ತುಂಡಾಗುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಬೆಸುಗೆ ಹಾಕಿ, ಬೇಡ ಅನ್ನೋದಿಲ್ಲ. ಇಂಜಿನ್ ಮೇಲೆ ನಾನು ಕ್ರಿಂಪ್ ಮಾಡುತ್ತೇನೆ, ವೈರಿನ ಅಳತೆಗೆ ಸರಿಯಾದ ತಾಮ್ರದ ಕೊಳವೆ ಹಾಕಿ, ಅದಕ್ಕಂತಲೇ ಇರುವ ಇಕ್ಕಳದಲ್ಲಿ. ಸಾದಾ ಇಕ್ಕಳದಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಬೇಕು. ಕೈಗೆ ಬಂದರೆ ಈಗಲೇ ಬರಲಿ, ಖಂಡಾಳಾ ಘಾಟಿನ ತುದಿಯ ಲೋಣಾವಳಾದಲ್ಲಿ ಬೇಡ. ಆಮೇಲೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಸ್ಲೀವ್ ಏರಿಸಿ, ಬಿಸಿ ಗಾಳಿ ಕೊಡೋದು. ಎರಡೂ ತುದಿಯಲ್ಲಿ ಅಂಟು ಸಾಸಿವೆ ಕಾಳಿನಷ್ಟು ಹೊರಗೆ ಉಕ್ಕಬೇಕು. ಉಕ್ಕಿತು ಅಂದರೆ ನೀರಿಗೆ ದಾರಿ ಇಲ್ಲ. ಎಲ್ಲ ಜೋಡಣೆಯನ್ನೂ ಒಂದೇ ಕಡೆ ಮಾಡಬಾರದು, ಎರಡೆರಡು ಇಂಚು ಹಿಂದೆ ಮುಂದೆ ಇರಲಿ. ಇಲ್ಲದಿದ್ದರೆ ಹಾರ್ನೆಸ್ ಇಲಿ ನುಂಗಿದ ಹಾವಿನ ಹಾಗೆ ಉಬ್ಬಿ ಆ ಉಬ್ಬೇ ಮತ್ತೆ ಉಜ್ಜುತ್ತದೆ.

ಅದೇ ಕಟ್ಟಿನಲ್ಲಿ ಒಂದು ಜೋಡಿ ವೈರು ಜಡೆಯ ಹಾಗೆ ಹೊಸೆದಿತ್ತು. ಅವು ಕ್ಯಾನ್ ವೈರು, ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡೋದು ಅದರಲ್ಲೇ. ಆ ಹೊಸೆತ ಚಂದಕ್ಕಲ್ಲ, ಹೊರಗಿನ ಗದ್ದಲ ಒಳಗೆ ಬರದಿರಲಿ ಅಂತ. ಹೊಸದು ಹಾಕುವಾಗಲೂ ಹಾಗೇ ಹೊಸೆಯಬೇಕು. ಮುಗಿದ ಮೇಲೆ ಬ್ಯಾಟರಿ ಬಿಚ್ಚಿದ್ದಾಗಲೇ ಎರಡರ ನಡುವೆ ಮೀಟರ್ ಹಿಡಿದೆ, 60 ಓಮ್ ಬಂತು. ಎರಡು ತುದಿಗೂ 120 ಓಮಿನ ರೆಸಿಸ್ಟರ್ ಇರುತ್ತದೆ, ಎರಡೂ ಸೇರಿದರೆ 60. ಅಲ್ಲಿ 120 ಬಂದಿದ್ದರೆ ಒಂದು ಕಡೆ ದಾರಿ ತುಂಡಾಗಿದೆ ಅಂತ ಅರ್ಥ.

ಇಷ್ಟಕ್ಕೇ ಗಾಡಿ ಕೊಟ್ಟುಬಿಡುತ್ತಿದ್ದೆ. ಆದರೆ ಇಸಿಯುಗೆ ಬ್ಯಾಟರಿಯಿಂದ ಬರುವ ದಪ್ಪ ವೈರಿನಲ್ಲೂ ಒಂದು ಕರಿ ಟೇಪಿನ ಗಂಟು ಕಂಡಿತು. ಬ್ಯಾಟರಿಯ ಅರ್ಥ್ ವಾಪಸ್ ಹಚ್ಚಿ ಮೀಟರ್ ಹಿಡಿದರೆ 24 ವೋಲ್ಟ್ ಪೂರ್ತಿ. ಹುಡುಗ, ಸರೀನೇ ಅದ ಕಾಕಾ ಅಂದ. ಮೀಟರ್ ಅನ್ನೋದು ಬೀಗರ ಮನೆಯಲ್ಲಿ ಊಟಕ್ಕೆ ಕೂತ ಹೊಸ ಅಳಿಯ, ನಾಚಿಕೊಂಡು ಎರಡು ತುತ್ತು ತಿನ್ನುತ್ತಾನೆ. ಅಷ್ಟು ಬಡಿಸೋದು ಯಾವ ವೈರಿಗೂ ಕಷ್ಟ ಅಲ್ಲ. ಹೊಟ್ಟೆ ಹಸಿದವನನ್ನು ಕೂರಿಸಬೇಕು. ಇಸಿಯುವಿನ ಕಪ್ಲರ್ ಬಿಚ್ಚಿ ಪಕ್ಕಕ್ಕಿಟ್ಟು, ಆ ವೈರಿನ ತುದಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಹಚ್ಚಿದೆ. ಬಲ್ಬು ಬೀಡಿ ತುದಿಯ ಹಾಗೆ ಕೆಂಪಗೆ ಮಿಣುಕಿತು. ಗಂಟು ಬಿಚ್ಚಿದರೆ ಒಳಗೆ ತಾಮ್ರ ಅಂತ ಹೇಳೋಕೆ ನಾಲ್ಕು ಎಳೆ, ಉಳಿದದ್ದು ಹಸಿರು ಪುಡಿ. ಒಂದು ಎಚ್ಚರ, ಈ ಬಲ್ಬಿನ ಆಟ ಇಸಿಯು ಬಿಚ್ಚಿದಾಗ ಮಾತ್ರ. ಇಸಿಯುವಿನ ಪಿನ್ನಿಗೆ ಬಲ್ಬು ಹಚ್ಚಿದರೆ ಇಸಿಯುವನ್ನೇ ಸುಟ್ಟುಕೊಳ್ಳುತ್ತೀರಿ. ಚಾಸಿಸ್ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಜೊತೆ ಇಸಿಯು ಕಪ್ಲರ್ ತೆಗೆಸಿ.

ಎಲ್ಲ ಕಟ್ಟಿ, ಹೊಸ ಪೈಪ್ ಹಾಕಿ, ಟರ್ಬೊದಿಂದ ದೂರ ತಿರುಗಿಸಿ, ರಬ್ಬರ್ ಇರುವ ಕ್ಲ್ಯಾಂಪ್ ಹಾಕಿದೆ. ಇಂಜಿನ್ನಿನಿಂದ ಚಾಸಿಸ್‌ಗೆ ದಾಟುವ ಕಡೆ ಸ್ವಲ್ಪ ಸಡಿಲ ಬಿಟ್ಟೆ, ಇಂಜಿನ್ ವಾಲಿದರೂ ಎಳೆಯಬಾರದು ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಕೂತದ್ದು, ಮುಗಿದಾಗ ದೀಪ ಹಚ್ಚುವ ಹೊತ್ತು.

ಕೊನೆಗೆ ಕೇಳಿದೆ, ತಮ್ಮಾ, ಮೊದಲು ಬಿಚ್ಚಿದ ಹಳೇ ಬೂಸ್ಟ್ ಸೆನ್ಸರ್ ಎಸೆದೆಯಾ? ಇಲ್ಲ, ಮರಾಠಿ ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದ. ದುಡ್ಡು ಕೊಟ್ಟ ವಸ್ತು ಎಸೆಯೋಕೆ ಮನಸ್ಸು ಬರೋದಿಲ್ಲ, ನಮ್ಮ ಕಡೆಯವರೇ ಹಾಗೆ. ಹೊಸದು ಬಿಚ್ಚಿ ಆ ಹಳೇದನ್ನೇ ಹಾಕಿದೆ. ಅವನು ಅನುಮಾನದಿಂದ ನೋಡಿದ, ಏನೂ ಅನ್ನಲಿಲ್ಲ. ಸ್ಟೀಲ್ ತುಂಬಿಕೊಂಡು ಹೊರಟ.

ರಾತ್ರಿ ಎರಡರ ಹೊತ್ತಿಗೆ ಫೋನ್ ಬಂತು. ನನ್ನವಳು ಗೊಣಗಿದಳು. ಹಿಂದೆ ಗಾಡಿಗಳ ಸದ್ದು, ಮಳೆ ಸದ್ದು.

"ಕಾಕಾ, ಲೋಣಾವಳಾ ದಾಟೀನ್ರಿ. ಎಲ್ಲೂ ದಮ್ಮ ಕಟ್ಟಲಿಲ್ಲ. ಈ ಹೊಸಾ ಸೆನ್ಸರ್ ಏನ್ ಮಾಡ್ಲಿ?"

ಅದೇ ಪೇಪರಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಡಪ್ಪಾ ಅಂದು, ಫೋನ್ ಇಟ್ಟು ಮಲಗಿದೆ. ನಮಸ್ಕಾರ.