ಕಪ್ಪು ಬಿಯರಿನ ಪಕ್ಕದಲ್ಲಿ ಧಾರವಾಡ ಪೇಡಾ

ಅಧ್ಯಕ್ಷರೇ, ಸಭಿಕರೇ,

ಸ್ಟೌಟ್ ಎಂಬ ಬಿಯರ್ ಕಪ್ಪಗಿದೆ, ಆದ್ದರಿಂದ ತಲೆಗೇರುತ್ತದೆ ಎಂಬ ಮಾತನ್ನು ಹುಬ್ಬಳ್ಳಿಯಲ್ಲಿ ಕೇಳಿದಾಗ ನನಗೆ ನಗು ಬರುತ್ತದೆ. ಪಕ್ಕದ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯನ್ನು ದಿನವೂ ಒಗ್ಗರಣೆಗೆ ಹಾಕುವವರು ನಾವು. ಅದರ ಕಡುಗೆಂಪು ನೋಡಿ ಹೊರಗಿನವರು ಹೆದರುತ್ತಾರೆ. ಅದರಲ್ಲಿ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂಬುದು ನಮಗೆ ಗೊತ್ತು. ಬಿಯರಿನಲ್ಲೂ ಬಣ್ಣ ಬರುವುದು ಬಾರ್ಲಿಯನ್ನು ಹುರಿಯುವುದರಿಂದ, ಅಮಲು ಬರುವುದು ಹುದುಗುವ ಸಕ್ಕರೆಯಿಂದ. ಐರ್ಲೆಂಡಿನ ಸ್ಟೌಟ್ ಗಿನ್ನೆಸ್ ಡ್ರಾಫ್ಟ್ ಕಾಡಿಗೆಯಂತಿದ್ದರೂ ಅದರಲ್ಲಿ ಆಲ್ಕೋಹಾಲ್ ಶೇ 4.2 ಅಷ್ಟೇ. ನಮ್ಮ ಅಂಗಡಿಗಳ ಹೊಂಬಣ್ಣದ 'ಸ್ಟ್ರಾಂಗ್' ಬಿಯರಿನಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ.

ಇಂದಿನ ವಿಷಯ ಮಾತ್ರ ಬಣ್ಣವೂ ಬಲವೂ ಎರಡೂ ಇರುವ ಸ್ಟೌಟ್: ಶೇ 8ರಿಂದ 12ರವರೆಗಿನದು. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನಿಂದ ರಷ್ಯಾದ ಅರಮನೆಗೆ ಹೋಗುತ್ತಿದ್ದುದರಿಂದ ಇದಕ್ಕೆ 'ಇಂಪೀರಿಯಲ್', ಅಂದರೆ ಚಕ್ರವರ್ತಿಯದು, ಎಂಬ ಬಿರುದು. 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹುರಿಯುವ ತಿರುಗುವ ಡ್ರಮ್ಮಿಗೆ ಪೇಟೆಂಟ್ ಪಡೆದ ಮೇಲೆ, ಕರಿ ಮಾಲ್ಟ್ ಒಂದು ಹಿಡಿ ಹಾಕಿದರೂ ಸಾಕು, ಇಡೀ ಪಾತ್ರೆ ಕಪ್ಪಾಗುವಂತಾಯಿತು.

ನನ್ನ ಗೆಳೆಯನೊಬ್ಬ ಕೊಲಂಬೊದಿಂದ ಲಯನ್ ಸ್ಟೌಟ್ ತಂದಿದ್ದ, ಶೇ 8.8. ಅದನ್ನು ಫ್ರೀಜರಿನಲ್ಲಿಟ್ಟು, ಕೊರೆಯುವಂತಾದ ಮೇಲೆ ಸ್ಟೀಲ್ ಲೋಟಕ್ಕೆ ಸುರಿದ. ಜೊತೆಗೆ ಸಾವಜಿ ಖಾನಾವಳಿಯಿಂದ ಮಟನ್, ಮೇಲೆ ಎಣ್ಣೆ ತೇಲುವಂಥದ್ದು. ಮೊದಲ ತುತ್ತು, ಮೊದಲ ಗುಟುಕು, ಕಣ್ಣಲ್ಲಿ ನೀರು. ಖಾರ ಇಳಿಸಲು ಮತ್ತೊಂದು ಗುಟುಕು ಹಾಕಿದ, ಖಾರ ಏರಿತು. ಆಲ್ಕೋಹಾಲ್ ಖಾರದ ಉರಿಯನ್ನು ಕೆರಳಿಸುತ್ತದೆ, ಗ್ಯಾಸು ಅದಕ್ಕೆ ಚುಚ್ಚುತ್ತದೆ. ಅವನ ಹೆಂಡತಿ ಅಡುಗೆಮನೆಯಿಂದ ಮೊಸರು ತಂದು ಕುಕ್ಕಿ, "ಮೊದಲು ಇದನ್ನು ತಿನ್ನಿ, ಆಮೇಲೆ ಶೋಕಿ" ಎಂದರು. ಊಟ ಮುಗಿಯುವ ಹೊತ್ತಿಗೆ ಬಾಟಲಿಯಲ್ಲಿ ಉಳಿದದ್ದರ ತಣುಪು ಕಡಿಮೆಯಾಗಿತ್ತು. ಡಬ್ಬಿಯಲ್ಲಿ ಧಾರವಾಡ ಪೇಡಾ ಇತ್ತು. ಒಂದು ಚೂರು ಕಡಿದು ಗುಟುಕರಿಸಿದವನು ಮಾತು ನಿಲ್ಲಿಸಿದ, ಅವನನ್ನು ಬಲ್ಲವರಿಗೆ ಇದೇ ದೊಡ್ಡ ಪ್ರಮಾಣಪತ್ರ.

ಕಾರಣ ಸರಳ. ಖೋವಾ ಸಕ್ಕರೆಯೊಂದಿಗೆ ಬಾಣಲೆಯಲ್ಲಿ ಕಂದಾಗುವುದೂ ಬಾರ್ಲಿ ಡ್ರಮ್ಮಿನಲ್ಲಿ ಕಂದಾಗುವುದೂ ಬಹುಮಟ್ಟಿಗೆ ಒಂದೇ ಕ್ರಿಯೆ. 1912ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಮೇಯಾರ್ ವಿವರಿಸಿದ್ದು. ಸ್ಟೌಟಿನ ಕಾಫಿಯಂಥ ಕಹಿ ಪೇಡಾದ ಸಿಹಿಯನ್ನು ಹಿಡಿದಿಡುತ್ತದೆ, ಹಾಲಿನ ಜಿಡ್ಡು ಕಹಿಯ ಮೊನೆ ಮುರಿಯುತ್ತದೆ. ಹಾಗಾಗಿ ನನ್ನ ವಾದ: ಬಲವಾದ ಸ್ಟೌಟ್ ಊಟದ ನಂತರದ ಸಿಹಿಯ ಜೊತೆಗಾರ, ಖಾರದ ಊಟದ್ದಲ್ಲ. ಇನ್ನೊಮ್ಮೆ ಹೇಳುತ್ತೇನೆ, ಬ್ಯಾಡಗಿಯನ್ನು ನೆನಪಿಡಿ: ಬಣ್ಣ ನೋಡಿ ಹೆದರಬೇಡಿ, ಬಾಟಲಿಯ ಮೇಲಿನ ಶೇಕಡಾ ಓದಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹಾಗಾಗಿ ಗ್ಲಾಸಿನ ಆಕಾರ, ಓಕ್ ಪೀಪಾಯಿ ಎಲ್ಲ ಬಿಟ್ಟೆ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. 12 ಡಿಗ್ರಿಯ ಆಸುಪಾಸಿನಲ್ಲಿ ಪರಿಮಳ ಬಿಚ್ಚಿಕೊಳ್ಳುತ್ತದೆ. ಒಂದು ಬಾಟಲಿ ನಾಲ್ವರಿಗೆ. ಖಾರ ಕಡಿಮೆ ಹಾಕಿ ಮಾಡಿದ ಗುರೆಳ್ಳು ಚಟ್ನಿ, ಕೆಂಡದಲ್ಲಿ ಸುಟ್ಟ ಬದನೆ, ಇವೂ ಹೊಂದುತ್ತವೆ. ಗಾಡಿ ಓಡಿಸುವವರಿಗೆ ಪೇಡಾ ಮಾತ್ರ. ಪ್ರಶ್ನೆಗಳಿದ್ದರೆ ಕೇಳಿ, ಸಾವಜಿ ಮಟನ್ನಿನ ಪರ ವಕಾಲತ್ತು ಮಾತ್ರ ಬೇಡ.