ಟಿವಿ ಪರದೆ ಮಾಡೋದನ್ನು ಕಲಿಸುವ ಕಾಲೇಜು ಎಲ್ಲಿದೆ?

ನಮಸ್ಕಾರ. ಹೋದ ತಿಂಗಳು ಟಿವಿ ಪ್ಯಾನೆಲ್ ಬಗ್ಗೆ ವಿಡಿಯೋ ಮಾಡಿದ್ದೆನಲ್ಲ, ಅದನ್ನು ನೋಡಿ ಹಾಸನದ ಒಬ್ಬ ವಿದ್ಯಾರ್ಥಿ ಕೇಳಿದ್ದಾರೆ: "ಸರ್, ಎಂ.ಎಸ್ಸಿ ಫಿಸಿಕ್ಸ್ ಮುಗೀತಾ ಬಂತು. ಈ ಪರದೆ ಮಾಡೋದನ್ನ ಯಾವ ಕಾಲೇಜಲ್ಲಿ ಕಲಿಸ್ತಾರೆ?"

ನಿಜ ಹೇಳಲಾ? ನನಗೂ ಗೊತ್ತಿರಲಿಲ್ಲ. ದಿನಕ್ಕೆ ಹತ್ತು ಗಂಟೆ ನೋಡುವ ವಸ್ತು, ಅದನ್ನು ಯಾರು ಎಲ್ಲಿ ಕಲಿತು ಮಾಡುತ್ತಾರೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಹುಡುಕುತ್ತಾ ಹೋದೆ. ಓಹಿಯೋ, ಸೋಲ್, ತೈವಾನ್ ಎಲ್ಲ ಸುತ್ತಿ ಕೊನೆಗೆ ಬೆಂಗಳೂರಿನ ಸದಾಶಿವನಗರದಲ್ಲಿ ಬಂದು ನಿಂತೆ. ಅದು ಆಮೇಲೆ.

[ಪರದೆಯಲ್ಲಿ: ಒಂದು ಪಿಕ್ಸೆಲ್‌ನ ದೊಡ್ಡ ಚಿತ್ರ]

ಬೇಸಿಕ್ಸ್ 20 ಸೆಕೆಂಡಲ್ಲಿ ಮುಗಿಸೋಣ. ಎಲ್‌ಸಿಡಿ ಅಂದರೆ ಎರಡು ಗಾಜು, ನಡುವೆ 3-4 ಮೈಕ್ರಾನ್ ಸಂದು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಆ ಸಂದಿನಲ್ಲಿ ಲಿಕ್ವಿಡ್ ಕ್ರಿಸ್ಟಲ್, ಅಂದರೆ ದ್ರವದ ಹಾಗೆ ಹರಿದರೂ ಅಣುಗಳು ಸಾಲಾಗಿ ನಿಲ್ಲುವ ವಸ್ತು. ಹಿಂದೆ ಲೈಟು. ವೋಲ್ಟೇಜ್ ಕೊಟ್ಟರೆ ಅಣುಗಳು ತಿರುಗುತ್ತವೆ, ಬೆಳಕು ಜಾಸ್ತಿ ಕಡಿಮೆ ಆಗುತ್ತದೆ. ಒಎಲ್‌ಇಡಿಯಲ್ಲಿ ಹಿಂದೆ ಲೈಟಿಲ್ಲ, ಚುಕ್ಕಿ ತಾನೇ ಬೆಳಗುತ್ತದೆ. 4ಕೆ ಟಿವಿಯಲ್ಲಿ ಕೆಂಪು, ಹಸಿರು, ನೀಲಿ ಸೇರಿ ಸುಮಾರು 2 ಕೋಟಿ 49 ಲಕ್ಷ ಚುಕ್ಕಿ. ಒಂದೊಂದಕ್ಕೂ ಕನಿಷ್ಠ ಒಂದು ಟ್ರಾನ್ಸಿಸ್ಟರ್, ಅಂದರೆ ಪುಟ್ಟ ಸ್ವಿಚ್ಚು. ಮುಗೀತು.

ಈಗ ಕಾಲೇಜಿಗೆ ಬರೋಣ. ಹಳೆಯ ಹೆಸರು ಅಮೆರಿಕದ ಕೆಂಟ್ ಸ್ಟೇಟ್ ಯೂನಿವರ್ಸಿಟಿ. ಓಹಿಯೋದ ಈ ಊರಲ್ಲಿ ಗ್ಲೆನ್ ಬ್ರೌನ್ ಅನ್ನುವ ರಸಾಯನ ವಿಜ್ಞಾನಿ 1965ರಲ್ಲಿ ಲಿಕ್ವಿಡ್ ಕ್ರಿಸ್ಟಲ್‌ಗೆ ಅಂತಲೇ ಒಂದು ಸಂಸ್ಥೆ ಕಟ್ಟಿದರು. ಆಗ ಎಲ್‌ಸಿಡಿ ವಾಚು ಕೂಡ ಹುಟ್ಟಿರಲಿಲ್ಲ. ಆಮೇಲೆ ಆಟ ಏಷ್ಯಾಕ್ಕೆ ಬಂತು. ಸೋಲ್‌ನ ಕ್ಯುಂಗ್ ಹೀ ಯೂನಿವರ್ಸಿಟಿಯಲ್ಲಿ 'ಇನ್ಫರ್ಮೇಷನ್ ಡಿಸ್‌ಪ್ಲೇ' ಅನ್ನೋದೇ ಒಂದು ವಿಭಾಗ. ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್ ಜೊತೆ ಸೇರಿ ಎರಡು ಕಡೆಯ ಮಾಸ್ಟರ್ಸ್ ಡಿಗ್ರಿಯನ್ನೂ ಕೊಟ್ಟಿದ್ದಾರೆ. ತೈವಾನಿನ ಶಿಂಚು ಊರಲ್ಲಿ ಯಾಂಗ್ ಮಿಂಗ್ ಚಿಯಾವ್ ತುಂಗ್ ಯೂನಿವರ್ಸಿಟಿ ಇದೆ. ಪಕ್ಕದಲ್ಲೇ ಸೈನ್ಸ್ ಪಾರ್ಕು, ಎಯುಒ ಪ್ಯಾನೆಲ್ ಕಂಪನಿ ಅಲ್ಲಿಯದೇ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಫ್ಯಾಕ್ಟರಿ ನೋಡಿ ಬರಬಹುದು, ಅಷ್ಟು ಹತ್ತಿರ.

ಒಂದು ವಿಷಯ ಗಮನಿಸಿ. ಕೆಂಟ್ ಬಿಟ್ಟರೆ ಕೋರ್ಸು ಫ್ಯಾಕ್ಟರಿ ಇರೋ ಕಡೆಯೇ ಬೆಳೆದಿದೆ. ಯಾಕೆ ಅಂತ ಲ್ಯಾಬ್ ಒಳಗೆ ಹೋದರೆ ಗೊತ್ತಾಗುತ್ತದೆ.

[ಪರದೆಯಲ್ಲಿ: ಕೈಗವಸು ಹಾಕಿದ ಕೈ, ಚಿಕ್ಕ ಗಾಜಿನ ಚೂರು]

ಒಂದು ಲ್ಯಾಬ್‌ನಲ್ಲಿ ನನಗೂ ಒಂದು ಸಲ ಟೆಸ್ಟ್ ಸೆಲ್, ಅಂದರೆ ಎಲ್‌ಸಿಡಿಯ ಪುಟ್ಟ ಮಾದರಿ, ಮಾಡುವ ಅವಕಾಶ ಸಿಕ್ಕಿತ್ತು. ವಿದ್ಯಾರ್ಥಿಗಳ ಮೊದಲ ಪಾಠ ಇದು. ಕೈಗೆ ಎರಡು ಗಾಜಿನ ಚೂರು ಕೊಟ್ಟರು. ಒಂದು ಬದಿಗೆ ಐಟಿಒ ಲೇಪ ಇದೆ, ಕರೆಂಟ್ ಹರಿಯುವ ಆದರೆ ಕಣ್ಣಿಗೆ ಕಾಣದ ಪದರ. ಯಾವ ಬದಿ ಅಂತ ಗೊತ್ತಾಗೋದು ಹೇಗೆ? ಮಲ್ಟಿಮೀಟರ್ ಇಟ್ಟು ನೋಡಬೇಕು! ಆ ಬದಿಗೆ ಪಾಲಿಇಮೈಡ್ ಅನ್ನುವ ಪ್ಲಾಸ್ಟಿಕ್ ಜಾತಿಯ ದ್ರಾವಣ ಒಂದು ಹನಿ. ಗಿರ್ರನೆ ತಿರುಗಿಸಿ ತೆಳ್ಳಗೆ ಹರಡಿ, ಓವನ್‌ನಲ್ಲಿ ಕಾಯಿಸಿದ್ದಾಯಿತು. ಆಮೇಲೆ ಅವರು ಕೊಟ್ಟಿದ್ದು ಮಖಮಲ್ ಬಟ್ಟೆ. ಗಾಜನ್ನು ಒಂದೇ ದಿಕ್ಕಿಗೆ ಉಜ್ಜಬೇಕು. ತಮಾಷೆ ಅಲ್ಲ. ಉಜ್ಜಿದ ದಿಕ್ಕಿಗೇ ಅಣುಗಳು ಸಾಲಾಗಿ ಮಲಗುತ್ತವೆ. ಫ್ಯಾಕ್ಟರಿಗಳಲ್ಲಿ ಬಟ್ಟೆ ಸುತ್ತಿದ ದೊಡ್ಡ ರೋಲರ್ ಇದೇ ಕೆಲಸವನ್ನು ದಶಕಗಳ ಕಾಲ ಮಾಡಿದೆ. ಈಚೆಗೆ ಕೆಲವು ಕಡೆ ಅಲ್ಟ್ರಾವೈಲೆಟ್ ಬೆಳಕಿನಿಂದ ಮಾಡುತ್ತಾರೆ.

ಎರಡು ಗಾಜನ್ನು ಅಂಟಿಸಿ, ಅಂಚಿಗೆ ಲಿಕ್ವಿಡ್ ಕ್ರಿಸ್ಟಲ್ ತಾಗಿಸಿದೆ. ಕಾಫಿಗೆ ಅದ್ದಿದ ರಸ್ಕು ಹೀರಿಕೊಳ್ಳುತ್ತಲ್ಲ, ಹಾಗೆ ತಾನೇ ಒಳಗೆ ಎಳೆದುಕೊಂಡಿತು. ಮೈಕ್ರೋಸ್ಕೋಪಿನ ಕೆಳಗಿಟ್ಟು ತಿರುಗಿಸಿದಾಗ ಒಂದು ಕೋನದಲ್ಲಿ ಇಡೀ ಸೆಲ್ ಸಮವಾಗಿ ಕಪ್ಪಾಗಬೇಕು. ನನ್ನದರಲ್ಲಿ ಕಂಡದ್ದು ಅಂಗಳ ಗುಡಿಸಿದ ಪೊರಕೆ ಗೀರು, ಜೊತೆಗೆ ಹಾವಿನ ಹಾಗೆ ಮಲಗಿದ್ದ ಮಖಮಲ್ಲಿನ ಒಂದು ಎಳೆ. ಪಕ್ಕದಲ್ಲಿದ್ದ ಹುಡುಗಿ ನಗಲಿಲ್ಲ. "ನನ್ನದು ಐದನೇ ಸಲಕ್ಕೆ ಸರಿಯಾಯ್ತು" ಅಂದಳು.

ಅದು ಹೆಬ್ಬೆಟ್ಟಿನಷ್ಟು ಗಾಜು. ಈಗ ಫ್ಯಾಕ್ಟರಿ ಗಾಜು ನೋಡಿ. ಜೆನ್ 10.5 ಅನ್ನುವ ಲೈನಿನಲ್ಲಿ ಒಂದು ಹಾಳೆ 2940 ಮಿಲಿಮೀಟರ್ ಅಗಲ, 3370 ಉದ್ದ. ಬೆಂಗಳೂರಿನ 30-40 ಸೈಟಿನ ಮನೆಯಲ್ಲಿ 10-11 ಅಡಿ ಬೆಡ್‌ರೂಮ್ ಇರುತ್ತಲ್ಲ, ಹೆಚ್ಚುಕಮ್ಮಿ ಅದರ ನೆಲದಷ್ಟು. ದಪ್ಪ? ಸುಮಾರು ಅರ್ಧ ಮಿಲಿಮೀಟರ್. ಒಂದು ಹಾಳೆಯಿಂದ 65 ಇಂಚಿನ ಎಂಟು ಟಿವಿ. ಇಂಥ ಗಾಜು ಬಗ್ಗದೆ, ಒಡೆಯದೆ, ಧೂಳು ಕೂರದೆ ಒಂದು ಮಶೀನಿನಿಂದ ಇನ್ನೊಂದಕ್ಕೆ ಹೋಗಬೇಕು. ನಮ್ಮ ತಲೆಕೂದಲು ಆ 4 ಮೈಕ್ರಾನ್ ಸಂದಿಗಿಂತ ಹತ್ತಾರು ಪಟ್ಟು ದಪ್ಪ. ಇದನ್ನು ಬೋರ್ಡ್ ಮೇಲೆ ಬರೆದು ಕಲಿಸೋದು ಹೇಗೆ? ಅದಕ್ಕೇ ಕಂಪನಿಗಳು ಕಾಲೇಜಿನ ಒಳಗೇ ಬಂದು ಕೂತಿವೆ. ಎಲ್‌ಜಿ ಡಿಸ್‌ಪ್ಲೇ 2023ರಲ್ಲಿ ಸೋಲ್‌ನ ಯೋನ್ಸೈ ಯೂನಿವರ್ಸಿಟಿಯ ಜೊತೆ ಡಿಗ್ರಿ ಮಟ್ಟದಲ್ಲೇ ಒಂದು ಡಿಸ್‌ಪ್ಲೇ ವಿಭಾಗ ಶುರು ಮಾಡಿತು.

ಸರಿ, ಈಗ ಸದಾಶಿವನಗರ. ಈ ಭಾಗಕ್ಕೆ ನಾನು ಟೈಮ್ ಜಾಸ್ತಿ ತಗೋತೀನಿ, ಬೈಕೋಬೇಡಿ.

[ಪರದೆಯಲ್ಲಿ: ನುಗ್ಗೇಕಾಯಿ ಕಟ್ಟು, ಪಕ್ಕದಲ್ಲಿ ತಟ್ಟೆ ಇಡ್ಲಿ]

ಲಿಕ್ವಿಡ್ ಕ್ರಿಸ್ಟಲ್ ಅಣುಗಳು ಉದ್ದುದ್ದ ಕಡ್ಡಿ. ಮಾರ್ಕೆಟ್ಟಿನ ನುಗ್ಗೇಕಾಯಿ ಕಟ್ಟಿನ ಹಾಗೆ. ಎಲ್ಲ ಒಂದೇ ದಿಕ್ಕಿಗೆ, ಆದರೆ ಒಂದರ ಪಕ್ಕ ಒಂದು ಜಾರುತ್ತವೆ. ಬಹಳ ಕಾಲ ಜಗತ್ತು ಅಂದುಕೊಂಡಿದ್ದು ಇಷ್ಟೇ: ನುಗ್ಗೇಕಾಯಿ ಆಕಾರ ಇದ್ದರೆ ಮಾತ್ರ ಲಿಕ್ವಿಡ್ ಕ್ರಿಸ್ಟಲ್. 1977ರಲ್ಲಿ ಇಲ್ಲಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ತೋರಿಸಿದರು: ಇಡ್ಲಿ ಆಕಾರದ ಅಣುಗಳೂ ಲಿಕ್ವಿಡ್ ಕ್ರಿಸ್ಟಲ್ ಆಗುತ್ತವೆ. ಬಿಡದಿಯ ತಟ್ಟೆ ಇಡ್ಲಿ ಒಂದರ ಮೇಲೊಂದು ಪೇರಿಸಿದಂತೆ ಕಂಬ ಕಂಬವಾಗಿ ನಿಲ್ಲುತ್ತವೆ. ಹೆಸರು ಡಿಸ್ಕೋಟಿಕ್. (ನೊಬೆಲ್ ಪಡೆದ ಚಂದ್ರಶೇಖರ್ ಬೇರೆ. ಅವರು ಸಿ.ವಿ. ರಾಮನ್ ಅವರ ಅಣ್ಣನ ಮಗ, ಇವರು ತಂಗಿಯ ಕಡೆಯಿಂದ ಸೋದರಳಿಯ. ಇವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಫಿಸಿಕ್ಸ್ ವಿಭಾಗದ ಮುಖ್ಯಸ್ಥರೂ ಆಗಿದ್ದರು.)

ಇಡ್ಲಿಯಿಂದ ಟಿವಿಗೇನು ಉಪಯೋಗ? ಹಳೇ ಎಲ್‌ಸಿಡಿ ಮಾನಿಟರ್ ನೆನಪಿದೆಯಾ? ಪಕ್ಕದಿಂದ ನೋಡಿದರೆ ಹೀರೋ ಮುಖ ನೆಗೆಟಿವ್ ಫೋಟೊ ಥರ ಕಾಣುತ್ತಿತ್ತು. ನುಗ್ಗೇಕಾಯಿಗಳು ಓರೆಯಾಗಿ ನಿಲ್ಲುವುದರಿಂದ ಪಕ್ಕಕ್ಕೆ ಬರುವ ಬೆಳಕು ಹಾದಿ ತಪ್ಪುತ್ತದೆ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಒಂದು ತೆಳು ಹಾಳೆ ತಂದಿತು. ಅದರಲ್ಲಿರುವುದು ಡಿಸ್ಕೋಟಿಕ್ ಅಣುಗಳು, ಕೆಳಗಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಓರೆಯಾಗಿ ಜೋಡಿಸಿದವು. ನುಗ್ಗೇಕಾಯಿ ಒಂದು ಕಡೆಗೆ ಕೆಡಿಸಿದ್ದನ್ನು ಇಡ್ಲಿ ಉಲ್ಟಾ ಕಡೆಯಿಂದ ಸರಿಮಾಡಿತು. ಲೆಕ್ಕಾಚಾರ ನಿಮಗೆ ಬೇಡ. ಇಡ್ಲಿಗೆ ನುಗ್ಗೇಕಾಯಿ ಸಾಂಬಾರು ಹೊಂದುತ್ತದೆ, ಅಷ್ಟು ನೆನಪಿಟ್ಟುಕೊಳ್ಳಿ.

ಅಂದರೆ ಅಣುವಿನ ವಿಜ್ಞಾನ ಬೆಂಗಳೂರಿನದು, ಫಿಲ್ಮು ಜಪಾನಿನದು, ಮಾನಿಟರ್ ಇನ್ನೆಲ್ಲಿಯದೋ. ನನಗೆ ಇದರಲ್ಲಿ ಹೆಮ್ಮೆಯೂ ಇದೆ, ಸ್ವಲ್ಪ ಹೊಟ್ಟೆ ಉರಿಯೂ ಇದೆ.

ಎಡಿಟರ್ ಗಡಿಯಾರ ತೋರಿಸ್ತಿದ್ದಾನೆ. ಉಳಿದಿದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಫಿಸಿಕ್ಸ್ ಮಾತ್ರ ಅಲ್ಲ, ಕೆಮಿಸ್ಟ್ರಿ, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಓದಿದವರಿಗೂ ಇಲ್ಲಿ ಕೆಲಸವಿದೆ. ಕೊರಿಯಾ ಸರ್ಕಾರದ ಜಿಕೆಎಸ್ ಸ್ಕಾಲರ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಭಾಷೆ, ಆಮೇಲೆ ಎರಡು ವರ್ಷ ಮಾಸ್ಟರ್ಸ್. ಭಾಷೆಯನ್ನು ಹಗುರವಾಗಿ ತಗೋಬೇಡಿ, ಲ್ಯಾಬ್ ಇಂಗ್ಲಿಷಿನಲ್ಲಿ ನಡೆದರೂ ಫ್ಯಾಕ್ಟರಿ ನಡೆಯೋದು ಕೊರಿಯನ್‌ನಲ್ಲಿ. ತೈವಾನ್ ಸರ್ಕಾರದ್ದೂ ಸ್ಕಾಲರ್‌ಶಿಪ್ ಇದೆ. ದೇಶ ಬಿಡೋಕೆ ಮನಸ್ಸಿಲ್ಲವಾ? ಐಐಟಿ ಕಾನ್ಪುರದಲ್ಲಿ ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್ ಕೇಂದ್ರ ಇದೆ. ಚಂದ್ರಶೇಖರ್ ಅವರೇ ಜಾಲಹಳ್ಳಿಯಲ್ಲಿ, ಬಿಇಎಲ್ ಕೊಟ್ಟ ಕಟ್ಟಡದಲ್ಲಿ ಶುರುಮಾಡಿದ ಲಿಕ್ವಿಡ್ ಕ್ರಿಸ್ಟಲ್ ಕೇಂದ್ರ ಈಗ ಸೆನ್ಸ್ (ಸೆಂಟರ್ ಫಾರ್ ನ್ಯಾನೋ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್) ಅನ್ನುವ ಹೆಸರಿನಲ್ಲಿ ನಡೆಯುತ್ತಿದೆ, ಅಲ್ಲಿ ಪಿಎಚ್‌ಡಿ ಮಾಡಬಹುದು. ಕೇಂದ್ರ ಸರ್ಕಾರ 2021ರಲ್ಲಿ ಘೋಷಿಸಿದ 76,000 ಕೋಟಿ ರೂಪಾಯಿ ಸೆಮಿಕಂಡಕ್ಟರ್ ಯೋಜನೆಯಲ್ಲಿ ಡಿಸ್‌ಪ್ಲೇ ಫ್ಯಾಬ್‌ಗೂ, ಅಂದರೆ ಪರದೆ ಮಾಡುವ ಫ್ಯಾಕ್ಟರಿಗೂ, ಜಾಗ ಇಟ್ಟಿತ್ತು. ಆದರೆ ಬೆಡ್‌ರೂಮಿನಷ್ಟು ಗಾಜು ಓಡಾಡುವ ಫ್ಯಾಕ್ಟರಿ ಬಂದರೆ ನಿಲ್ಲಿಸೋಕೆ ಜನ ಎಲ್ಲಿ, ಅದೇ ನನ್ನ ಪ್ರಶ್ನೆ.

ಹಾಸನದವರೇ, ನಿಮಗೆ ಹೋಮ್‌ವರ್ಕ್. ಮನೆಯಲ್ಲಿ ಹಳೇ ಕ್ಯಾಲ್ಕುಲೇಟರ್ ಇದ್ದರೆ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಅದನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಯಾಕೆ ಅಂತ ಬರೆದು ಕಳಿಸಿ. ನನ್ನ ಸೆಲ್‌ನ ಫೋಟೊ ಮಾತ್ರ ಕೇಳಬೇಡಿ.