ಕಾರಣಕ್ಕೆ ಒಂದು ಕೊಂಡಿ ಸಾಕು

ಕೇಳುಗರಿಗೆ ನಮಸ್ಕಾರ.

ರಜೆ ಅರ್ಜಿ ಇರಲಿ, ಇಂಟರ್‌ವ್ಯೂ ಇರಲಿ, ಇಂಗ್ಲಿಷಿನಲ್ಲಿ ಕಾರಣ ಹೇಳುವ ಸಂದರ್ಭ ಬಂದೇ ಬರುತ್ತದೆ. ಹೇಳಬೇಕಾದ್ದು ಗೊತ್ತಿದ್ದರೂ ಅಲ್ಲೇ ವಾಕ್ಯ ಎಡವುತ್ತದೆ, ಅಲ್ವಾ?

ನಮ್ಮಲ್ಲಿ ತುಂಬಾ ಕೇಳಿಬರುವ ವಾಕ್ಯ ಇದು: 'ಬಿಕಾಸ್ ಇಟ್ ವಾಸ್ ರೈನಿಂಗ್, ಸೋ ಐ ಡಿಡ್ ನಾಟ್ ಕಮ್.' ಇದು ಎಲ್ಲಿಂದ ಬಂತು? ಮಾತಿನ ಕನ್ನಡದಲ್ಲಿ 'ಯಾಕಂದ್ರೆ ಮಳೆ ಬರ್ತಿತ್ತು, ಅದಕ್ಕೇ ಬರಲಿಲ್ಲ' ಎಂದರೆ ಯಾರೂ ತಪ್ಪು ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. 'ಬಿಕಾಸ್' ಬಂದ ಕೂಡಲೇ ಎರಡು ಮಾತೂ ಕೂಡಿಕೊಂಡವು. ಮತ್ತೆ 'ಸೋ' ಬೇಡ. 'ಬಿಕಾಸ್ ಇಟ್ ವಾಸ್ ರೈನಿಂಗ್, ಐ ಡಿಡ್ ನಾಟ್ ಕಮ್' ಅನ್ನಿ. ಇಲ್ಲವೇ 'ಇಟ್ ವಾಸ್ ರೈನಿಂಗ್, ಸೋ ಐ ಡಿಡ್ ನಾಟ್ ಕಮ್' ಅನ್ನಿ. ಎರಡರಲ್ಲಿ ಒಂದನ್ನು ಬಿಡಬೇಕು, ಅಷ್ಟೇ. ಮಕ್ಕಳು ಹೀಗೆ ಬರೆದರೆ ದಯವಿಟ್ಟು ಬೈಯಬೇಡಿ. ಅವರು ಮನೆಮಾತಿನ ಜಾಡು ಹಿಡಿದು ಹೋಗುತ್ತಿದ್ದಾರೆ. ಎರಡು ಭಾಷೆಗಳ ದಾರಿ ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸಿದರೆ ಬೇಗ ಹಿಡಿದುಕೊಳ್ಳುತ್ತಾರೆ.

'ಬಿಕಾಸ್ ಆಫ್' ಗೊಂದಲವೂ ಇಂಥದ್ದೇ. ಕನ್ನಡದಲ್ಲಿ 'ಮಳೆಯಿಂದ' ಅನ್ನುತ್ತೇವೆ, 'ಮಳೆ ಬಂದಿದ್ದರಿಂದ' ಅಂತಲೂ ಅನ್ನುತ್ತೇವೆ. ಎರಡಕ್ಕೂ ಅದೇ 'ಇಂದ' ಸಾಕಾಗುತ್ತದೆ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಬರೀ ನಾಮಪದ ಬಂದರೆ 'ಬಿಕಾಸ್ ಆಫ್ ದ ರೈನ್'. ಕರ್ತೃ, ಕ್ರಿಯಾಪದ ಎರಡೂ ಇದ್ದರೆ 'ಬಿಕಾಸ್ ಇಟ್ ರೈನ್ಡ್'. 'ಬಿಕಾಸ್ ಆಫ್ ಇಟ್ ರೈನ್ಡ್' ತಪ್ಪು.

'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್' ಎಂಬ ರಜೆ ಅರ್ಜಿಯ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡದವರು ಕಡಿಮೆ. ಸಾಲು ಸರಿಯಾಗಿಯೇ ಇದೆ. ಆದರೆ 'ವೈ' ಎಂದು ಯಾರಾದರೂ ನೇರವಾಗಿ ಕೇಳಿದಾಗ 'ಆ್ಯಸ್', 'ಸಿನ್ಸ್' ಎಂದು ಉತ್ತರ ಶುರು ಮಾಡಬಾರದು. ಅಲ್ಲಿ 'ಬಿಕಾಸ್' ಒಂದೇ ಸರಿ. ಕೇಳುವವರಿಗೆ ಕಾರಣ ಮೊದಲೇ ಗೊತ್ತಿದ್ದರೆ 'ಸಿನ್ಸ್' ಚೆನ್ನಾಗಿ ಹೊಂದುತ್ತದೆ: 'ಸಿನ್ಸ್ ಯು ಆರ್ ಹಿಯರ್, ಹ್ಯಾವ್ ಲಂಚ್ ವಿತ್ ಅಸ್.' ಹೇಗೂ ಬಂದಿದ್ದೀರಲ್ಲ, ಊಟ ಮಾಡಿಕೊಂಡು ಹೋಗಿ ಅಂದ ಹಾಗೆ. 'ಸಿನ್ಸ್'ಗೆ 'ಅಂದಿನಿಂದ' ಎಂಬ ಅರ್ಥವೂ ಇದೆ. ಅನುಮಾನ ಬರುವಂತಿದ್ದರೆ ಸುಮ್ನೆ 'ಬಿಕಾಸ್' ಬಳಸಿ.

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು 'ನಾಟ್' ಜೊತೆಗೆ 'ಬಿಕಾಸ್' ಬಂದಾಗ. ಈ ವಾಕ್ಯ ಕೇಳಿ: 'ಹಿ ಡಿಡ್ ನಾಟ್ ಲೀವ್ ದ ಜಾಬ್ ಬಿಕಾಸ್ ಹಿ ನೀಡೆಡ್ ಮನಿ.' ಅವನು ಕೆಲಸ ಬಿಟ್ಟನೋ ಇಲ್ಲವೋ? ದುಡ್ಡು ಬೇಕಿತ್ತು, ಅದಕ್ಕೆ ಬಿಡಲಿಲ್ಲ ಎಂದೂ ಆಗುತ್ತದೆ. ಬಿಟ್ಟದ್ದು ನಿಜ, ಆದರೆ ದುಡ್ಡಿಗಾಗಿ ಅಲ್ಲ ಎಂದೂ ಆಗುತ್ತದೆ. ಮಾತಾಡುವಾಗ ದನಿಯ ಏರಿಳಿತ ಕೈಹಿಡಿಯುತ್ತದೆ. ಕಾಗದದ ಮೇಲೆ ಆ ಅನುಕೂಲ ಇಲ್ಲ. ಬಿಡಲಿಲ್ಲ ಎನ್ನುವುದೇ ನಿಮ್ಮ ಮಾತಾದರೆ ಕಾರಣವನ್ನು ಮುಂದಕ್ಕೆ ತನ್ನಿ: 'ಬಿಕಾಸ್ ಹಿ ನೀಡೆಡ್ ಮನಿ, ಹಿ ಡಿಡ್ ನಾಟ್ ಲೀವ್ ದ ಜಾಬ್.' ಈಗ ಒಂದೇ ಅರ್ಥ. ನಡುವೆ ಅಲ್ಪವಿರಾಮ ಹಾಕುವುದನ್ನು ಮಾತ್ರ ಮರೆಯಬೇಡಿ.

ನಮಸ್ಕಾರ.